ವಾಲುವ ಹಲಗೆಯ ಮೇಲೆ ಎಂಟು ವಾರ

ಹಲಗೆಯ ಉದ್ದ ಆರಡಿ ಎಂದು ನನ್ನ ನೆನಪು. ನನ್ನ ಗಂಡ ಐದೂವರೆ ಎನ್ನುತ್ತಾರೆ. ಅದು ಬೆಸಗರಹಳ್ಳಿಯಿಂದ ನಮ್ಮ ಮದ್ದೂರಿನ ಮನೆಗೆ ಎತ್ತಿನ ಗಾಡಿಯಲ್ಲಿ ಬಂದದ್ದು ಸೋಮವಾರವೋ ಮಂಗಳವಾರವೋ ಎಂಬುದರಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ನಾನು ಡೈರಿ ಬರೆಯುವವಳು. ಆದರೆ ಆ ದಿನಗಳದ್ದನ್ನು ಮಲಗಿಕೊಂಡೇ ಪೆನ್ಸಿಲ್ಲಿನಲ್ಲಿ ಬರೆದದ್ದರಿಂದ ಅರ್ಧ ಅಳಿಸಿಹೋಗಿದೆ. ಉಳಿದ ಅರ್ಧ ನೋವಿನಲ್ಲಿದ್ದವಳು ಬರೆದದ್ದು, ಅದನ್ನೂ ಅನುಮಾನದಿಂದಲೇ ಓದಬೇಕು. ಹಾಗಾಗಿ ದಿನ, ಅಳತೆ, ಯಾರು ಯಾವ ಮಾತು ಆಡಿದರು ಎಂಬ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ.

ಈಗ ಬರೆಯುತ್ತಿರುವುದಕ್ಕೆ ಕಾರಣ, ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಟೀಚರೊಬ್ಬರು. ಅವರಿಗೂ ಸೊಂಟದಿಂದ ಕಾಲಿಗೆ ಇಳಿಯುವ ಅದೇ ನೋವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕುಳಿತಿದ್ದರೆ ಅವರು ಬೀರುವಿಗೆ ಒರಗಿ ನಿಂತಿರುತ್ತಾರೆ. "ನಿಮಗೂ ಹೀಗೇ ಆಗಿತ್ತಂತಲ್ಲ, ಏನು ಮಾಡಿದಿರಿ?" ಎಂದು ಕೇಳಿದರು. ಎರಡು ವಾಕ್ಯದಲ್ಲಿ ಹೇಳಲು ಹೋದೆ, ಆಗಲಿಲ್ಲ.

ನನಗೆ ಅದು ಶುರುವಾದಾಗ ಮದುವೆಯಾಗಿ ಆರು ವರ್ಷವಾಗಿತ್ತು. ಮದ್ದೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಎಡಸೊಂಟದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಇಳಿದು ಹಿಮ್ಮಡಿಯವರೆಗೆ ಎಳೆಯುವ ನೋವು ಕೆಲವು ತಿಂಗಳಿಂದ ಇತ್ತು. ಐದು ಪೀರಿಯಡ್ಡು ನಿಂತು ಪಾಠ ಮಾಡುವವರಿಗೆ ಕಾಲುನೋವು ಸಹಜ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಒಂದು ಬೆಳಿಗ್ಗೆ ಒಂಬತ್ತನೇ ತರಗತಿಯಿಂದ ಸ್ಟಾಫ್ ರೂಮಿಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಿದ್ದಾಗ ಹುಡುಗಿಯೊಬ್ಬಳು ಓಡಿಬಂದು, "ಮಿಸ್, ನಿಮ್ ಚಪ್ಪಲಿ" ಎಂದು ಎಡಗಾಲಿನದನ್ನು ಬಾಗಿಲಲ್ಲಿಟ್ಟಳು. ಅದು ಕ್ಲಾಸಿನ ಹೊಸ್ತಿಲ ಹತ್ತಿರ ಕಳಚಿತ್ತಂತೆ. ಅಷ್ಟು ದೂರ ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲದೆ ನಡೆದುಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ನೋವಿಗೆ ನಾನು ಹೆದರಿರಲಿಲ್ಲ. ಗೊತ್ತಾಗದೇ ಇದ್ದುದಕ್ಕೆ ಹೆದರಿದೆ.

ಮಂಡ್ಯದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಕುಳಿತರೆ ನೋವು ಹೆಚ್ಚುತ್ತಿತ್ತು, ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೆ. ಮುದುಕರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ನಾನು ಬೇಡವೆಂದಾಗ ಅವರಿಗೆ ಬೇಸರವಾಯಿತು. "ಓದ್ದೋರು, ನಮ್ ಪಕ್ಕ ಕುಂತ್ಕೊಂತಾರಾ" ಎಂದು ಕಿಟಕಿಯ ಕಡೆ ತಿರುಗಿದರು. ನನ್ನ ಗಂಡ ಕೊನೆಗೆ ಆ ಸೀಟಿನಲ್ಲಿ ತಾವೇ ಕುಳಿತು ಅವರನ್ನು ಸಮಾಧಾನ ಮಾಡಿದರು.

ಡಾಕ್ಟರ ಕೋಣೆಯ ಹೊರಗೆ ಉದ್ದ ಬೆಂಚು ಇತ್ತು. ಅದರ ಅರ್ಧ ಖಾಲಿ. ಆದರೂ ನಾಲ್ಕು ಜನ ಗೋಡೆಗೆ ಒರಗಿ ನಿಂತಿದ್ದರು. ನಾನೂ ಹೋಗಿ ನಿಂತೆ. ಪಕ್ಕದಲ್ಲಿದ್ದ, ಹೊಳಲು ಎಂಬ ಊರಿನ ಹೆಂಗಸು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಎಡಗಾಲಾ ಬಲಗಾಲಾ?" ಎಂದಳು. ಎಡ ಎಂದೆ. "ನಂದು ಬಲ" ಎಂದಳು. ಇಷ್ಟೇ ಮಾತು. ಆದರೆ ತಿಂಗಳುಗಳಿಂದ ಯಾರ ಜೊತೆ ಮಾತಾಡಿದಾಗಲೂ ಸಿಗದ ಸಮಾಧಾನ ಆ ಎರಡು ಪದಗಳಲ್ಲಿ ಸಿಕ್ಕಿತು ಎಂದು ಡೈರಿಯಲ್ಲಿದೆ. ಇದು ಅಳಿಸಿಹೋಗಿಲ್ಲ.

ಡಾಕ್ಟರು ಸೂಜಿಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿದರು. ಹೆಬ್ಬೆರಳಿನ ಪಕ್ಕ ಮುಟ್ಟಿದ್ದು ತಿಳಿಯಲಿಲ್ಲ. ಹಿಮ್ಮಡಿಯ ಮೇಲೆ ನಡೆಯಿರಿ ಎಂದರು. ಬಲಗಾಲು ನಿಂತಿತು. ಎಡಗಾಲಿನ ಮುಂಭಾಗ ಎತ್ತಲು ಹೋದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿಸಿದರು. ಮಂಚದ ಕಾಲಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನನ್ನ ಸೊಂಟಕ್ಕೆ ಪಟ್ಟಿ ಕಟ್ಟಿ, ಅದರಿಂದ ಮರಳಿನ ಚೀಲ ತೂಗಿಬಿಟ್ಟಿದ್ದರು. ನೋವು ಅರ್ಧ ಇಳಿಯಿತು. ಪಾದ ಹಾಗೇ ಇತ್ತು.

ಮನೆಗೆ ಕಳಿಸುವಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಎಂಟು ವಾರ ಕಾಯೋಣ. ಎಡ ಹಿಮ್ಮಡಿಯ ಮೇಲೆ ನಿಲ್ಲೋಕೆ ಬಂದರೆ ಸರಿ. ಬರದಿದ್ದರೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು. ಆಮೇಲೂ ಪಾದ ಬರುತ್ತೆ ಅಂತ ನಾನು ಮಾತು ಕೊಡೋದಿಲ್ಲ. ಮಧ್ಯೆ ಉಚ್ಚೆ ಕಟ್ಟಿದರೆ, ಇಲ್ಲಾ ಎರಡೂ ಕಾಲು ಜೋಮು ಹಿಡಿದರೆ ಒಂದು ದಿನವೂ ಕಾಯಬೇಡಿ."

ಆ ಎಳೆತವನ್ನು ಮನೆಯಲ್ಲೂ ಮುಂದುವರಿಸಲು ಬರುತ್ತದೆಯೇ ಎಂದು ಕೇಳಿದವಳು ನಾನೇ. ಅವರು, ತಾವು ಓದಿದ ಕಡೆ ಅಂಥದ್ದೊಂದು ಹಲಗೆ ನೋಡಿದ್ದಾಗಿ ಹೇಳಿ, ಚೀಟಿಯ ಹಿಂದೆ ಚಿತ್ರ ಬರೆದರು. ನಡುವೆ ಅಚ್ಚಿನ ಮೇಲೆ ಕೂತು ತಕ್ಕಡಿಯಂತೆ ವಾಲುವ ಹಲಗೆ. ಕಾಲನ್ನು ಒಂದು ತುದಿಗೆ ಕಟ್ಟಿ ಮಲಗಿದರೆ, ತಲೆಯ ಕಡೆ ನಿಧಾನವಾಗಿ ಇಳಿಯುತ್ತದೆ. ಮೈಯ ಭಾರವೇ ಬೆನ್ನನ್ನು ಎಳೆಯುತ್ತದೆ. ಬರೆದಾದ ಮೇಲೆ ಅವರಿಗೆ ಅಳುಕು ಬಂದಂತಿತ್ತು. ನನ್ನ ರಕ್ತದೊತ್ತಡ ಎರಡು ಸಲ ನೋಡಿದರು, ಟಾರ್ಚು ಬಿಟ್ಟು ಕಣ್ಣು ನೋಡಿದರು. "ಬಿ.ಪಿ. ಇರೋರು, ಕಣ್ಣಿನ ಕಾಯಿಲೆ ಇರೋರು, ಬಸುರಿಯರು ಇದರ ಹತ್ತಿರ ಹೋಗಬಾರದು. ನೀವೂ ಪೂರ್ತಿ ತಲೆಕೆಳಗಾಗೋದು ಬೇಡ, ಒಂದು ಮೊಳ ಇಳಿದರೆ ಸಾಕು. ಮೊದಲ ದಿನ ಒಂದು ನಿಮಿಷ. ಊಟವಾದ ಮೇಲೆ ಬೇಡ. ಒಬ್ಬರೇ ಇರುವಾಗ ಬೇಡವೇ ಬೇಡ. ಕಾಲಿನ ಕಟ್ಟನ್ನು ಇನ್ನೊಬ್ಬರು ಕಟ್ಟಬೇಕು, ನೀವು ಬಗ್ಗಬಾರದು." ಇಷ್ಟನ್ನೂ ಬರೆದುಕೊಂಡೆ. ಕೊನೆಯದರ ಕೆಳಗೆ ಗೆರೆ ಎಳೆದಿದ್ದೇನೆ. ಆಗಲೇ ಎಳೆದೆನೋ ಆಮೇಲೆ ಎಳೆದೆನೋ ತಿಳಿಯದು.

ಚೀಟಿ ಬೆಸಗರಹಳ್ಳಿಗೆ ಹೋಯಿತು. ಅಲ್ಲಿ ನನ್ನ ಗಂಡನ ಅಣ್ಣ, ನನ್ನ ಭಾವ ಕೆಂಪಣ್ಣ, ವ್ಯವಸಾಯ ನೋಡಿಕೊಂಡಿದ್ದರು. ಅವರ ಕಬ್ಬಿನ ಗಾಡಿ ದಾರಿಯಲ್ಲಿ ಎಂದೂ ಎದ್ದು ನಿಂತದ್ದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಗಾಡಿಯ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ. ಹಾಗಾಗಿ ಕಬ್ಬು ತುಂಬುವವರು ಒಂದು ಗುಲಗಂಜಿಯಷ್ಟಾದರೂ ಮುಂದಕ್ಕೇ ಭಾರ ಬಿಡುತ್ತಾರೆ. ಡಾಕ್ಟರ ಚಿತ್ರವನ್ನು ಭಾವ ಗಾಡಿಯೆಂದೇ ಓದಿಕೊಂಡರು. ಬಡಗಿಯ ಕೈಯಲ್ಲಿ ಹಲಗೆ ಮಾಡಿಸಿ, ಹಳೆಯ ಗಾಡಿಯ ಅಚ್ಚನ್ನು ಅಡಿಗೆ ಹಾಕಿಸಿ, ಎರಡು ಕತ್ತರಿಗಾಲಿನ ಮೇಲೆ ಕೂರಿಸಿ ತಂದರು.

ಅದರ ಜೊತೆಗೆ ಅತ್ತೆಯೂ ಗಾಡಿಯಲ್ಲಿ ಬಂದರು. ನನ್ನ ಗಂಡನ ಕೆಲಸ ಮಳವಳ್ಳಿಯ ಕಚೇರಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ ದೀಪ ಹಚ್ಚಿದ ಮೇಲೆ. ಎಂಟು ವಾರ ಮನೆಯಲ್ಲಿ ಒಬ್ಬರು ಬೇಕಾಗಿತ್ತು. ಅತ್ತೆಗೆ ಅರವತ್ತರ ಹತ್ತಿರ ವಯಸ್ಸು, ಗಿಡ್ಡ ಆಳು, ಮಾತು ಕಡ್ಡಿ ಮುರಿದಂತೆ. ಹಲಗೆಯನ್ನು ನಡುಮನೆಯಲ್ಲಿ ಇಳಿಸಿದ ಮೇಲೆ ಅದರ ಸುತ್ತ ಒಂದು ಸುತ್ತು ಬಂದು ಹೇಳಿದರು:

"ಎಮ್ಮೆಗೆ ಲಾಳ ಕಟ್ಟುವಾಗ ಇಂಗೇ ಕೆಡವ್ತಾರೆ ಕಣ್ಲಾ ಕೆಂಪ."

"ಎಮ್ಮೆಗೆ ಯಾರವ್ವ ಲಾಳ ಕಟ್ತಾರೆ?"

"ಯಾರೂ ಕಟ್ಟಲ್ಲ. ಬುದ್ದಿ ಇರೋರು."

ಭಾವ ತಾವೇ ಮಲಗಿ ತೋರಿಸುತ್ತೇನೆ ಎಂದರು. ಪಂಚೆಯ ಮೇಲೆ ಹಗ್ಗ ಬಿಗಿದುಕೊಂಡು ಮಲಗಿದರು. ನನ್ನ ಗಂಡ ಕಾಲು ಕಟ್ಟಿದರು. ಹಲಗೆ ಅಲುಗಲಿಲ್ಲ. ಗಾಡಿಯ ಅಭ್ಯಾಸದಿಂದ ಭಾವ ಕಾಲಿನ ಕಡೆಗೇ ಭಾರ ಬಿಟ್ಟಿದ್ದರು. ತಲೆ ಇಳಿಯುವ ಮಾತೇ ಇಲ್ಲ. "ಇದು ಎದ್ದರೆ ಕೇಳಿ" ಎಂದು ಮಲಗಿದಲ್ಲಿಂದಲೇ ಹೆಮ್ಮೆಯಿಂದ ಹೇಳಿದರು. ಅದು ಏಳಬೇಕಾದ ಗಾಡಿ ಎಂದು ತಮ್ಮ ವಿವರಿಸಿದ ಮೇಲೆ, "ಅಂಗಾರೆ ನಾನು ಕಲ್ತಿದ್ದೆಲ್ಲ ತಿರ್ಗುಸ್ ಆಕ್ಬೇಕು" ಎಂದರು. ಅಚ್ಚನ್ನು ನಾಲ್ಕು ಬೆರಳು ಸರಿಸಿದರು. ಆಮೇಲೆ ಎರಡು ಕೈಯನ್ನು ತಲೆಯ ಮೇಲೆ ಚಾಚಿದರೆ ತಲೆ ಮೆಲ್ಲಗೆ ಇಳಿಯಿತು. ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರೆ ಮತ್ತೆ ಸಮವಾಯಿತು. ಕಾಲತುದಿಯಿಂದ ಕತ್ತರಿಗಾಲಿಗೆ ಒಂದು ಹಗ್ಗ ಕಟ್ಟಿ, ಒಂದು ಮೊಳಕ್ಕಿಂತ ಮೇಲೆ ಏಳದಂತೆ ಮಾಡಿದರು. ಭಾವನ ಮೈಗೆ ಸರಿಯಾದದ್ದು ನನ್ನ ಮೈಗೆ ಸರಿಯಾಗಲಿಲ್ಲ. ಅಚ್ಚನ್ನು ನನ್ನ ಅಳತೆಗೆ ಇನ್ನೊಮ್ಮೆ ಸರಿಸಬೇಕಾಯಿತು. ಈ ಹಲಗೆಯನ್ನು ಮಾಡಿಸಿಕೊಳ್ಳುವವರು ಮರೆಯಬಾರದ ಮಾತಿದು: ಒಬ್ಬರಿಗೆ ತೂಗಿದ ಹಲಗೆಯ ಮೇಲೆ ಇನ್ನೊಬ್ಬರು ಮಲಗಕೂಡದು.

ನನ್ನ ಸರದಿ ಬಂದಾಗ ಭಾವ ಎತ್ತಿಗೆ ನೀರು ತೋರಿಸುವ ನೆಪದಲ್ಲಿ ಹೊರಗೆ ಹೋದರು. ಸೀರೆಯ ಸಮಸ್ಯೆಯನ್ನು ಅತ್ತೆ ಬಗೆಹರಿಸಿದರು. "ನಾಟಿ ಹಾಕೋವಾಗ ಕಟ್ಕೊಳಲ್ವಾ, ಅಂಗೆ ಎತ್ಕಟ್ಟು" ಎಂದರು. ನಾನು ನಾಟಿ ಹಾಕಿದವಳಲ್ಲ. ಅವರೇ ಸೆರಗು ಸುತ್ತಿ ನೆರಿಗೆ ಹಿಂದಕ್ಕೆ ಸಿಕ್ಕಿಸಿದರು. ನನ್ನ ಗಂಡ ಪಾದದ ಬಳಿ ಕುಳಿತು ಪಟ್ಟಿ ಕಟ್ಟಿದರು. ಅತ್ತೆ ಗೋಡೆ ನೋಡುತ್ತ, "ಧಾರೇಲಿ ಕಾಲುಂಗ್ರ ಹಾಕುವಾಗ ಒಂದ್ಸಲ ಕಾಲ್ ಹಿಡ್ದಿದ್ದ. ಇನ್ಮೇಕೆ ದಿನಾ ಸಾಸ್ತ್ರ" ಎಂದರು. ನಗು ಬಂದರೂ ನಗುವ ಹಾಗಿರಲಿಲ್ಲ, ನಕ್ಕರೆ ಸೊಂಟ ಹಿಡಿಯುತ್ತಿತ್ತು.

ಮೊದಲ ನಿಮಿಷದಲ್ಲಿ ತಿಳಿದದ್ದು ಕಿವಿಯೊಳಗಿನ ದಪದಪ ಸದ್ದು, ಬಿಸಿಯಾದ ಮುಖ. ಆಮೇಲೆ ಸೊಂಟದ ಹತ್ತಿರ ಏನೋ ಬಿಗಿ ಕಳಚಿದಂತಾಯಿತು. ಮತ್ತೆ ಸಮಕ್ಕೆ ಬಂದ ಮೇಲೆ ಎರಡು ನಿಮಿಷ ಹಾಗೇ ಮಲಗಿರಬೇಕು, ಮಗ್ಗುಲಾಗಿ ಏಳಬೇಕು. ಎರಡನೆಯ ದಿನ ಉತ್ಸಾಹದಲ್ಲಿ ತಕ್ಷಣ ಎದ್ದು, ಕಣ್ಣು ಕತ್ತಲಿಟ್ಟು ಗೋಡೆ ಹಿಡಿದೆ. ಹಾಗೆ ಕಲಿತೆ.

ಬೆಳಿಗ್ಗೆಯ ಸರದಿಗೆ ಗಂಡ ಇರುತ್ತಿದ್ದರು. ಸಂಜೆಯದು ಕಷ್ಟವಾಯಿತು. ಮಳವಳ್ಳಿ ಬಸ್ಸು ಯಾವಾಗ ಬರುತ್ತದೋ ಹೇಳಲಾಗದು. ಬಂದು, ಕೈಕಾಲು ತೊಳೆದು, ಅವರಿಗೆ ಹಸಿವು, ನನಗೆ ಹಸಿವು, ಊಟವಾದ ಮೇಲೆ ಹಲಗೆ ಏರುವಂತಿಲ್ಲ. ಹೀಗೆ ಮೂರು ಸಂಜೆ ತಪ್ಪಿತು. ಎಂಟು ವಾರದಲ್ಲಿ ಎಷ್ಟು ಸಂಜೆ ಎಂದು ನಾನು ಲೆಕ್ಕ ಹಾಕುತ್ತಿದ್ದ ಕಾಲ. ಒಂದು ಸಂಜೆ ಅತ್ತೆಯೇ, "ಅವ್ನು ಬರೋಗಂಟ ಯಾಕೆ, ನಾನಿಲ್ವಾ" ಎಂದು ಪಾದದ ಹತ್ತಿರ ಕುಳಿತು ಪಟ್ಟಿಗೆ ಕೈ ಹಾಕಿದರು.

ನಾನು ಕಾಲು ಎಳೆದುಕೊಂಡೆ.

ಇದನ್ನು ವಿವರಿಸುವುದು ಅಗತ್ಯವೋ ಇಲ್ಲವೋ. ನಮ್ಮಲ್ಲಿ ಕಿರಿಯರ ಕಾಲನ್ನು ಹಿರಿಯರು ಮುಟ್ಟುವುದಿಲ್ಲ. ನಡೆಯುವಾಗ ಅತ್ತೆಗೆ ನನ್ನ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಎಂ.ಎ. ಓದಿದ್ದೆ, ಇಂಥ ನಂಬಿಕೆಗಳ ಬಗ್ಗೆ ಕ್ಲಾಸಿನಲ್ಲಿ ಹುಡುಗಿಯರಿಗೆ ಬೇರೆಯೇ ಮಾತು ಹೇಳುತ್ತಿದ್ದೆ. ಆದರೂ ಆ ಬಿಳಿಗೂದಲ ತಲೆ ನನ್ನ ಪಾದದ ಹತ್ತಿರ ಬಗ್ಗಿದಾಗ ಸಹಿಸಲಾಗಲಿಲ್ಲ. "ಬೇಡ ಅತ್ತೆ, ನನಗೆ ಪಾಪ ಬರುತ್ತೆ. ನೀವು ಪಕ್ಕದಲ್ಲಿ ನಿಂತಿರಿ, ಸಾಕು. ನಾನೇ ಕಟ್ಟಿಕೊಳ್ತೀನಿ" ಎಂದೆ. ಅತ್ತೆ ನನ್ನ ಮುಖ ನೋಡಿ, "ಆಯ್ತು, ನಿನ್ನಿಷ್ಟ" ಎಂದು ಎದ್ದರು. ಅದು ಬೇಸರವೋ, ಒಪ್ಪಿಗೆಯೋ, ಆಗಲೂ ತಿಳಿಯಲಿಲ್ಲ.

ಹೀಗೆ ಬಗ್ಗಬಾರದವಳು ದಿನವೂ ಸಂಜೆ ಬಗ್ಗಿ ತನ್ನ ಕಾಲನ್ನು ತಾನೇ ಕಟ್ಟಿಕೊಂಡಳು. ಬಲಗಾಲಿನ ಪಟ್ಟಿ ಬಿಗಿಯಾಯಿತೆಂದು ಕಾಲೇ ಹೇಳುತ್ತಿತ್ತು. ಎಡಗಾಲು ಏನೂ ಹೇಳುತ್ತಿರಲಿಲ್ಲ. ಅದು ಜೋಮು ಹಿಡಿದ ಕಾಲು, ಬಿಗಿಯೂ ಒಂದೇ ಸಡಿಲವೂ ಒಂದೇ. ಇಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲ. ಹತ್ತೋ ಹನ್ನೆರಡೋ ಸಂಜೆ ಏನೂ ಆಗದೆ ಕಳೆಯಿತು. ಏನೂ ಆಗದ ಆ ಸಂಜೆಗಳೇ ನನಗೆ ಧೈರ್ಯ ಕೊಟ್ಟವು.

ನಾಲ್ಕನೆಯ ವಾರದ ಒಂದು ಸಂಜೆ. ತಲೆಗೆ ಎಣ್ಣೆ ಹಚ್ಚಿ ಎರೆದುಕೊಂಡ ದಿನ, ಕಾಲಿನಲ್ಲೂ ಎಣ್ಣೆಯ ಜಿಡ್ಡು ಉಳಿದಿದ್ದಿರಬೇಕು. ಕೈ ಚಾಚಿದೆ, ತಲೆ ಇಳಿಯಿತು. ಅತ್ತೆ ತಲೆಯ ಕಡೆ ನಿಂತು ಅವರೆಕಾಯಿಯ ದರದ ಬಗ್ಗೆ ಏನೋ ಹೇಳುತ್ತಿದ್ದರು. ಎಡಗಾಲು ಪಟ್ಟಿಯಿಂದ ಜಾರಿದ್ದು ನನಗೆ ತಿಳಿಯಲಿಲ್ಲ. ಮೈ ಒಂದು ಕಡೆಗೆ ತಿರುಚಿ, ಭುಜ ಹಲಗೆಯ ಅಂಚು ದಾಟಿ, ಭಾರವೆಲ್ಲ ಪಟ್ಟಿಯೊಳಗಿದ್ದ ಬಲಗಾಲಿನ ಹರಡಿನ ಮೇಲೆ ಬಿದ್ದಾಗ ತಿಳಿಯಿತು. ಗಾಬರಿಯಲ್ಲಿ ಕೈಯನ್ನು ಹೊಟ್ಟೆಗೆ ತರಬೇಕಾದವಳು ನೆಲ ಹುಡುಕುತ್ತ ಇನ್ನೂ ಚಾಚಿದೆ. ಹಲಗೆ ಹಗ್ಗದ ತುದಿಯವರೆಗೂ ಎದ್ದು ಜಗ್ಗಿ ನಿಂತಿತು. ಭಾವನ ಹಗ್ಗ ಇಲ್ಲದಿದ್ದರೆ ಕುತ್ತಿಗೆಯ ಮೇಲೆ ಬೀಳುತ್ತಿದ್ದೆ.

ಅತ್ತೆ ಕೂಗಲಿಲ್ಲ. ಕಾಲತುದಿಗೆ ಬಂದು, ಜಾರಿದ ಎಡಗಾಲನ್ನು ಎದೆಗೆ ಅವುಚಿಕೊಂಡು, ತಮ್ಮ ಮೈಯನ್ನೆಲ್ಲ ಹಲಗೆಯ ತುದಿಯ ಮೇಲೆ ಹಾಕಿ ಬಗ್ಗಿದರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. "ಅಲ್ಲಾಡ್ಬೇಡ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಜಯಮ್ಮಾ" ಎಂದು ಪಕ್ಕದ ಮನೆಯವರನ್ನು ಕರೆದರು. ಜಯಮ್ಮ ನಲ್ಲಿಗೆ ಹೋಗಿದ್ದರು. ಅವರು ಬರುವವರೆಗೆ ಎಷ್ಟು ಹೊತ್ತಾಯಿತೋ. ಒಂದು ಪೂರ್ತಿ ಪೀರಿಯಡ್ಡಿನಷ್ಟು ಎಂದು ನನ್ನ ಮೈ ಹೇಳುತ್ತದೆ. ಜಯಮ್ಮ ಐದು ನಿಮಿಷ ಇರಬಹುದು ಎಂದರು. ಅತ್ತೆ, "ಎಲ್ಲಿ, ಒಂದ್ ಗಳಿಗೆ" ಎನ್ನುತ್ತಾರೆ. ಕೊನೆಗೆ ಜಯಮ್ಮ ನನ್ನ ಭುಜಕ್ಕೆ ಕೈ ಕೊಟ್ಟು ಎತ್ತಿದರು, ಅತ್ತೆ ತುದಿಯನ್ನು ಒತ್ತಿ ಇಳಿಸಿದರು.

ಚಾಪೆಯ ಮೇಲೆ ಮಲಗಿದ ಮೇಲೆ ನಾನು ಮೊದಲು ಮಾಡಿದ್ದು ಎಡಗಾಲಿನ ಬೆರಳು ಅಲುಗಿಸಲು ನೋಡಿದ್ದು. ಅಷ್ಟು ವಾರಗಳಲ್ಲಿ ಹೆಬ್ಬೆರಳು ಒಂದು ಕೂದಲೆಳೆಯಷ್ಟು ಏಳಲು ಕಲಿತಿತ್ತು. ಅದೂ ಹೋಯಿತೇ ಎಂಬುದೊಂದೇ ನನ್ನ ತಲೆಯಲ್ಲಿ. ಅದು ಎದ್ದಿತು. ನಾನು ಅಳತೊಡಗಿದೆ. ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಹಾಗೆ ಕುಳಿತಿದ್ದು ನೆನಪಿದೆ. ಹೇಗೆ ಕುಳಿತಿದ್ದರು, ಕೈ ಎಲ್ಲಿತ್ತು, ಮುಖ ಹೇಗಿತ್ತು, ಇದನ್ನು ಎಷ್ಟು ಸಲ ಕಣ್ಣ ಮುಂದೆ ತಂದುಕೊಳ್ಳಲು ನೋಡಿದರೂ ಬರುವುದಿಲ್ಲ. ನಾನು ಅತ್ತ ನೋಡಿರಲೇ ಇಲ್ಲವೇನೋ.

ಆ ದಿನದ ಡೈರಿಯಲ್ಲಿ ಒಂದೇ ಸಾಲು: "ಸಂಜೆ ಪಟ್ಟಿ ಸಡಿಲವಾಗಿ ಜಾರಿದೆ. ಬೆರಳು ಸರಿಯಿದೆ." ಯಾರು ಕಟ್ಟಿದ್ದು, ಯಾಕೆ ಎಂದು ಬರೆದಿಲ್ಲ. ಗಂಡನಿಗೂ ಅಷ್ಟೇ ಹೇಳಿದೆ ಎಂದು ಕಾಣುತ್ತದೆ. ಅವರು ಹಲಗೆಯನ್ನು ಒಡೆದು ಒಲೆಗೆ ಹಾಕುತ್ತೇನೆ ಎಂದರು. ಅತ್ತೆ ತಡೆದರು. "ಗಾಡಿ ಮೊಗಚ್ತು ಅಂತ ಗಾಡಿ ಸುಡ್ತಾರೇನ್ಲಾ? ಕಟ್ಟಿದ್ದು ಸರ್ಯಾಗಿರ್ಲಿಲ್ಲ. ನಾಳಿಂದ ನಾನ್ ಕಟ್ತೀನಿ."

ಮರುದಿನ ಸಂಜೆ ಅವರು ನೆಲದ ಮೇಲೆ ಕುಳಿತು ಕೈ ಚಾಚಿದರು.

"ಕಾಲ್ ಕೊಡು ಇತ್ಲಾಗೆ."

"ಅತ್ತೆ..."

"ನಂಗೆ ಎಂಟ್ ಹೆರ್ಗೆ ಮಾಡ್ಸವ್ಳೆ ಸೂಲಗಿತ್ತಿ. ಅವ್ಳು ಯಾವ್ದ ಮುಟ್ದೆ ಬುಟ್ಟವ್ಳೆ? ಪಾಪ ಬಂದ್ರೆ ನಂಗೆ ಬರ್ಲಿ, ನಾನ್ ಇಸ್ಕತೀನಿ. ಕೊಡು."

ಕೊಟ್ಟೆ. ಕಬ್ಬಿನ ಹೊರೆಗೆ ಹಾಕುವ ಗಂಟು ಅವರದು. ಮೊದಲು ಟವೆಲ್ಲು ಸುತ್ತಿ, ಅದರ ಮೇಲೆ ಪಟ್ಟಿ ಬಿಗಿದು, ಪಟ್ಟಿಯೊಳಗೆ ತಮ್ಮ ಎರಡು ಬೆರಳು ತೂರಿಸಿ ನೋಡುವರು. ಎರಡು ಹೋಗಬೇಕು, ಮೂರು ಹೋಗಬಾರದು. ಆಮೇಲೆ ಕಾಲನ್ನು ಹಿಡಿದು ಜಗ್ಗುವರು. ಎಡಗಾಲನ್ನು ಎರಡು ಸಲ. "ಇದು ಮೂಗ. ಬಾಯಿ ಬುಡಲ್ಲ. ನಾವೇ ಕೇಳ್ಬೇಕು" ಎನ್ನುವರು. ಹಲಗೆಯ ತಲೆಕಡೆ ಹಳೆಯ ಹಾಸಿಗೆ ಬಂತು. ಎಣ್ಣೆ ಎರೆದುಕೊಂಡ ದಿನ ಹಲಗೆ ಇಲ್ಲ. ಜಯಮ್ಮ ನಲ್ಲಿಗೆ ಹೋಗುವ ಹೊತ್ತು ಬಿಟ್ಟು ಬೇರೆ ಹೊತ್ತು. ಹೊಸ ಟೀಚರಿಗೆ ನಾನು ಹೇಳಬಹುದಾದ ಬುದ್ಧಿಮಾತು ಇಷ್ಟೇ. ಇದರಲ್ಲಿ ಒಂದೂ ನನ್ನದಲ್ಲ.

ಆ ನಾಲ್ಕು ವಾರ ಸಂಜೆ ನಾವಿಬ್ಬರೂ ಎಷ್ಟು ಮಾತಾಡಿದೆವು. ತಲೆ ಕೆಳಗಿದ್ದವಳಿಗೆ ಕೇಳುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವರು ಹೇಳಿದ್ದರಲ್ಲಿ ಹೆಚ್ಚಿನದು ನನ್ನ ಗಂಡ ಚಿಕ್ಕಂದಿನಲ್ಲಿ ಮಾಡಿದ ಕಿತಾಪತಿ, ಊರವರ ಜಗಳ. ಅವರು ತಮ್ಮ ಬಗ್ಗೆ ಏನು ಹೇಳಿದರು ಎಂದು ಹುಡುಕಿದರೆ ಸಿಗುವುದಿಲ್ಲ.

ಎಂಟು ವಾರ ಮುಗಿದ ಮೇಲೆ ಮಂಡ್ಯಕ್ಕೆ ಹೋದೆವು. ಈ ಸಲ ಬಸ್ಸಿನಲ್ಲಿ ಅರ್ಧ ದಾರಿ ಕುಳಿತೆ. ಆಸ್ಪತ್ರೆಯ ಬೆಂಚಿನ ಮುಂದೆ ಅದೇ ಗೋಡೆ, ನಿಂತವರು ಬೇರೆಯವರು. ಹೊಳಲಿನ ಹೆಂಗಸು ಇರಲಿಲ್ಲ. ಅವಳು ವಾಸಿಯಾಗಿ ಬರದೇ ಇದ್ದಳೋ, ಆಗದೆ ಬರದೇ ಇದ್ದಳೋ. ಕಾಂಪೌಂಡರು ನನ್ನ ಹೆಸರು ಕರೆಯುವ ಮೊದಲು ಗೋಡೆಯ ಮರೆಗೆ ಹೋಗಿ ಒಂದು ಸಲ ಹಿಮ್ಮಡಿಯ ಮೇಲೆ ನಿಂತು ನೋಡೋಣ ಎನಿಸಿತು. ಧೈರ್ಯ ಬರಲಿಲ್ಲ. ಮನೆಯಲ್ಲಿ ಎರಡು ದಿನ ಬಂದಿತ್ತು, ಒಂದು ದಿನ ಬಂದಿರಲಿಲ್ಲ.

ಒಳಗೆ ಡಾಕ್ಟರು, "ನಡೀರಿ" ಎಂದರು. ಕಿಟಕಿಯಿಂದ ಬಾಗಿಲವರೆಗೆ ಹಿಮ್ಮಡಿಯ ಮೇಲೆ ನಡೆದೆ. ಎಡಗಾಲಿನ ಮುಂಭಾಗ ಬಲಗಾಲಿನಷ್ಟು ಏಳಲಿಲ್ಲ, ಆದರೆ ನೆಲ ಬಿಟ್ಟಿತ್ತು. ನಿಂತಿತ್ತು. ಅವರು ಇನ್ನೊಮ್ಮೆ ನಡೆಸಿದರು. "ಬೆಂಗಳೂರು ಬೇಡ" ಎಂದರು. ನನ್ನ ಗಂಡ ಕುರ್ಚಿಯ ಮೇಲೆ ಕುಳಿತು ಕನ್ನಡಕ ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ಹಲಗೆಯಿಂದಲೇ ವಾಸಿಯಾಯಿತೇ ಎಂದು ನಾನು ಕೇಳಿದೆ. ಡಾಕ್ಟರು ಪ್ರಾಮಾಣಿಕರು. "ಸುಮ್ಮನೆ ಮಲಗಿದ್ದರೂ ಆಗುತ್ತಿತ್ತೇನೋ. ಎಷ್ಟೋ ಜನಕ್ಕೆ ತಾನಾಗೇ ಆಗುತ್ತೆ. ಹಲಗೆ ನಿಮಗೆ ಕೆಡುಕು ಮಾಡಲಿಲ್ಲ ಅಂತ ಮಾತ್ರ ಹೇಳಬಲ್ಲೆ" ಎಂದರು. ಕೆಡುಕು ಮಾಡಲಿಲ್ಲ ಎಂಬ ಮಾತಿಗೆ ನಾನು ತಲೆಯಾಡಿಸಿದೆ. ಆ ಸಂಜೆಯ ವಿಷಯ ಹೇಳಲಿಲ್ಲ.

ಶಾಲೆಗೆ ಹೋದೆ. ಹೆಬ್ಬೆರಳಿನ ಪಕ್ಕ ಈಗಲೂ ಜೋಮು ಇದೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯನ್ನೇ ಹಾಕುತ್ತೇನೆ, ಎರಡು ಪೀರಿಯಡ್ಡಿಗೊಮ್ಮೆ ಕುಳಿತುಕೊಳ್ಳುತ್ತೇನೆ. ಇದರ ಜೊತೆ ಬದುಕಲು ಬರುತ್ತದೆ. ಹಲಗೆ ಬೆಸಗರಹಳ್ಳಿಗೆ ವಾಪಸು ಹೋಯಿತು. ಭಾವ ಅಚ್ಚನ್ನು ಬಿಚ್ಚಿಕೊಂಡರು.

ಹೋದ ತಿಂಗಳು, ಆ ಟೀಚರಿಗಾಗಿ ಹಳೆಯ ಡೈರಿ ತೆಗೆದು ಕುಳಿತ ಮೇಲೆ, ಊರಿಗೆ ಹೋಗಿದ್ದೆ. ಅತ್ತೆ ಹಿತ್ತಲಿನಿಂದ ಅಡುಗೆಮನೆಗೆ ಬರುತ್ತಿದ್ದರು. ಒಂದು ಕೈ ಬಾಗಿಲ ತೋಳಿನ ಮೇಲೆ, ಇನ್ನೊಂದು ಸೊಂಟದ ಮೇಲೆ. ಹೊಸ್ತಿಲು ದಾಟುವ ಮೊದಲು ನಿಂತು, ಉಸಿರು ತೆಗೆದುಕೊಂಡು, ಆಮೇಲೆ ಕಾಲು ಎತ್ತಿದರು. ಅವರು ಬಗ್ಗಿ ನಡೆಯುವುದು ಹೊಸದಲ್ಲ, ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಆ ನಿಲ್ಲುವುದು ನನಗೆ ಗೊತ್ತು. ಮಂಡ್ಯದ ಗೋಡೆಗೆ ಒರಗಿದವರೆಲ್ಲ ಹಾಗೇ ನಿಲ್ಲುತ್ತಿದ್ದರು.

ವಾಪಸು ಬಂದು ಡೈರಿಯ ಪುಟಗಳನ್ನೆಲ್ಲ ತಿರುವಿದೆ. ಎಷ್ಟು ನಿಮಿಷ ಇಳಿದೆ, ಬೆರಳು ಎಷ್ಟು ಎದ್ದಿತು, ಯಾವ ಮಗ್ಗುಲಿನಲ್ಲಿ ನಿದ್ದೆ ಬಂತು, ಎಲ್ಲ ಇದೆ. ಅತ್ತೆ ಬಂದ ದಿನ ನೆಟ್ಟಗೆ ನಡೆಯುತ್ತಿದ್ದರೇ, ಹೋದ ದಿನ ಹೇಗೆ ಗಾಡಿ ಹತ್ತಿದರು, ಒಂದು ಸಾಲೂ ಇಲ್ಲ. ಗಂಡನನ್ನು ಕೇಳಿದೆ. "ಅವ್ವ ಮೊದಲಿಂದಲೂ ಹಾಗೇ ಅಲ್ಲವೇ" ಎಂದರು. ಭಾವನನ್ನು ಕೇಳಿದೆ. "ಮದ್ದೂರಿಂದ ಬಂದ್ಮೇಕೆ ಅನ್ನುಸ್ತದೆ. ಇಲ್ಲ, ಅದ್ಕೂ ಮುಂಚೇನೋ" ಎಂದರು.

ಹೋದ ಭಾನುವಾರ ಮತ್ತೆ ಹೋದೆ. ಅತ್ತೆ ಒಲೆಯ ಮುಂದೆ ಕುಳಿತು ಅವರೆಕಾಳು ಹಿತುಕುತ್ತಿದ್ದರು. ನಾನೂ ಕುಳಿತು ಒಂದು ಹಿಡಿ ತೆಗೆದುಕೊಂಡೆ. ಬಸ್ಸಿನಲ್ಲಿ ಬರುವಾಗ ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಯಾವುದೂ ಬರಲಿಲ್ಲ. ನೇರವಾಗಿ ಕೇಳಿದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ಹಿತುಕಿದ ಕಾಳನ್ನು ಬಟ್ಟಲಿಗೆ ಹಾಕಿ, "ಸಿಪ್ಪೆ ಬೇರೆ ಆಕು, ಬೆರುಸ್ಬೇಡ" ಎಂದರು. ಕಾಳು ಮುಗಿಯುವವರೆಗೆ ಕಾದೆ. ಕೊನೆಯ ಬಸ್ಸಿನವರೆಗೂ ಕಾದೆ. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನಿಮ್ಮ ಸೊಂಟ ಯಾವತ್ತಿಂದ ನೋಯ್ತಿದೆ?"